ಲಾಗ ಹಾಕುವ ಮಗುವಿಗೆ ‘ಸಾಕು’ ಎನ್ನುವ ಹಕ್ಕೂ ಬೇಕು

ಕಳೆದ ತಿಂಗಳು ಕೊಯಮತ್ತೂರಿನ ಕಡೆಗೆ ಹೋಗಿ ಹತ್ತು ದಿನ ಇದ್ದು ಬಂದೆ. ಆ ನಗರದಿಂದ ಪೊಳ್ಳಾಚಿಗೆ ಹೋಗುವ ಹೆದ್ದಾರಿಯಲ್ಲಿ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಸಾಗಿದರೆ ಕಿಣತ್ತುಕಡವು ಎಂಬ ಊರು ಸಿಗುತ್ತದೆ. ಪೊನ್ಮಲೆ ಎಂಬ ಚಿಕ್ಕ ಗುಡ್ಡ, ಅದರ ಮೇಲೆ ವೇಲಾಯುಧಸ್ವಾಮಿಯ ಗುಡಿ, ಕೆಳಗೆ ಟೊಮೆಟೊ ಮಾರುಕಟ್ಟೆಯ ಗದ್ದಲ, ಇವೇ ಆ ಊರಿನ ಗುರುತು. ತಲೆಮಾರುಗಳ ಹಿಂದೆ ಕೊಯಮತ್ತೂರು ಸೀಮೆಗೆ ಬಂದು ನೆಲೆಸಿ, ಇಂದಿಗೂ ಮನೆಯೊಳಗೆ ಕನ್ನಡ ಆಡುವ ಒಕ್ಕಲಿಗರೂ ದೇವಾಂಗ ನೇಕಾರರೂ ಆ ಭಾಗದಲ್ಲಿದ್ದಾರೆ. ನನ್ನ ಮಗ ಹೋದದ್ದು ಮೊನ್ನೆ ಮೊನ್ನೆ, ಪಂಪ್‌ಸೆಟ್ ಕಾರ್ಖಾನೆಯ ಉದ್ಯೋಗಕ್ಕಾಗಿ. ನಮ್ಮ ಜಿಲ್ಲೆಯ ಎಷ್ಟು ಮನೆಗಳ ಮಕ್ಕಳು ಹೀಗೆ ಹೊರಗೆ ಇಲ್ಲ? ಆದ್ದರಿಂದ ಇದನ್ನು ನನ್ನೊಬ್ಬನ ಮನೆಯ ಕಥೆಯೆಂದು ಓದುಗರು ಎಣಿಸಬಾರದು.

ಮೊಮ್ಮಗಳಿಗೆ ಈಗ 7 ವರ್ಷ. ಒಂದೂವರೆ ವರ್ಷದ ಹಿಂದೆ ಅವಳನ್ನು ಕೊಯಮತ್ತೂರಿನ ಒಂದು ಜಿಮ್ನಾಸ್ಟಿಕ್ಸ್ ತರಗತಿಗೆ ಸೇರಿಸಿದರು. ಉದ್ದೇಶ ದೊಡ್ಡದೇನೂ ಇರಲಿಲ್ಲ. ಮನೆಯ ಸೋಫಾದಿಂದ ಹಾರಿ ಹಾರಿ ಅದರ ಸ್ಪ್ರಿಂಗು ಮುರಿದಿದ್ದಳು. ಹಾರುವುದಾದರೆ ಹಾಸಿಗೆ ಹಾಕಿದಲ್ಲಿ ಹಾರಲಿ ಎಂದಷ್ಟೇ. ಭಾನುವಾರ ಒಂದು ಗಂಟೆ ಕುಣಿದು, ಲಾಗ ಹಾಕಿ, ನಗುತ್ತ ಬರುತ್ತಿದ್ದಳು. ನಾಲ್ಕು ತಿಂಗಳಲ್ಲಿ ಒಂದು ದಿನ ಎರಡಾಯಿತು. ಮತ್ತೆ ಮೂರಾಯಿತು. ಮೈ ಹಗುರ, ಭಯವಿಲ್ಲ, ಹೇಳಿದ್ದನ್ನು ಒಂದೇ ಸಲಕ್ಕೆ ಹಿಡಿಯುತ್ತಾಳೆ ಎಂದು ಶಿಕ್ಷಕರು ಹೊಗಳಿದರು. ನಾನು ಹೋದಾಗ ವಾರಕ್ಕೆ 6 ದಿನ, ದಿನಕ್ಕೆ 3 ಗಂಟೆ ಅಭ್ಯಾಸ. ಸ್ಪರ್ಧಾ ವಿಭಾಗಕ್ಕೆ ಆಯ್ಕೆಯಾಗಿದ್ದಾಳೆ, ಹೆತ್ತವರು ಒಪ್ಪಿ ಸಹಿ ಹಾಕಬೇಕು ಎಂಬ ಕಾಗದ ಮೇಜಿನ ಮೇಲಿತ್ತು.

ಮನೆಯಲ್ಲಿ ಸಂಭ್ರಮವೋ ಸಂಭ್ರಮ. ನನಗೂ ಹೆಮ್ಮೆಯಾಗದೆ ಇರಲಿಲ್ಲ. ಆದರೆ ಅದರ ದಿನಚರಿಯನ್ನು ಕಣ್ಣಾರೆ ಕಂಡೆ. ಮಗು ಶಾಲೆಯಿಂದ ಬಂದು ಅರ್ಧ ದೋಸೆ ತಿಂದು ತಾಯಿಯ ಸ್ಕೂಟರಿನ ಹಿಂದೆ ಕುಳಿತು ಪೇಟೆಗೆ ಹೋಗಬೇಕು. ಹಿಂದಿರುಗುವಾಗ ರಾತ್ರಿ ಒಂಬತ್ತೂವರೆ. ತಾಯಿಯ ಬೆನ್ನಿಗೆ ಒರಗಿ ನಿದ್ದೆ ಮಾಡುವ ಮಗು ಬೀಳಬಾರದೆಂದು ಸೊಂಟಕ್ಕೆ ಶಾಲು ಸುತ್ತಿ ಕಟ್ಟಿಕೊಂಡು ಬರುತ್ತಿದ್ದಳು ನಮ್ಮ ಸೊಸೆ.

ಐದನೆಯ ದಿನ ರಾತ್ರಿ ನನ್ನಾಕೆ ಮಗುವಿನ ಕೈಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಮಣಿಕಟ್ಟು ಮುಟ್ಟಿದಾಗ ಮಗು ಕೈ ಎಳೆದುಕೊಂಡಿತು. ಆಮೇಲೆ ಮೆಲ್ಲಗೆ ನಮ್ಮ ಮನೆಮಾತಿನಲ್ಲಿ ಹೇಳಿತು: “ಅಜ್ಜೀ, ಎನ್ನ ಕೈ ಬೇನೆ ಆವ್ತು. ಅಪ್ಪಂಗೆ ಹೇಳೆಡ.”

ಎಷ್ಟು ದಿನದಿಂದ ಎಂದು ಕೇಳಿದರೆ, ಶಾಲೆಯ ರಜೆಗಿಂತ ಮೊದಲಿನಿಂದ! ಶಿಕ್ಷಕರು ಇಂಗ್ಲಿಷಿನಲ್ಲಿ ಕೇಳಿದಾಗ ‘ಯೆಸ್ ಸರ್’ ಎಂದಿದ್ದಾಳೆ. ತಂದೆ ಕೇಳಿದಾಗ ‘ಓಕೆ’ ಎಂದಿದ್ದಾಳೆ. ಹೇಳಿದರೆ ತನ್ನನ್ನು ಆ ಗುಂಪಿನಿಂದ ತೆಗೆಯುತ್ತಾರೆ, ಅಪ್ಪನಿಗೆ ಬೇಸರವಾಗುತ್ತದೆ ಎಂಬುದು 7 ವರ್ಷದ ಮಗುವಿನ ಲೆಕ್ಕಾಚಾರ.

ಮರುದಿನ ವೈದ್ಯರಲ್ಲಿಗೆ ಹೋದೆವು. ಅವರು ಶಾಂತವಾಗಿ ವಿವರಿಸಿದರು. ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಮೃದುವಾದ ಬೆಳವಣಿಗೆಯ ಪದರ ಇರುತ್ತದೆ; ಎಲುಬು ಉದ್ದವಾಗುವುದು ಅಲ್ಲಿಂದಲೇ. ಜಿಮ್ನಾಸ್ಟಿಕ್ಸಿನಲ್ಲಿ ಕೈಯೇ ಕಾಲಾಗುತ್ತದೆ. ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬಿದ್ದೂ ಬಿದ್ದೂ ಆ ಪದರ ನೋಯುತ್ತದೆ. ಬೇಗ ಗಮನಿಸಿ ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ಗುಣವಾಗುತ್ತದೆ. ಲಕ್ಷ್ಯ ಮಾಡದೆ ಮುಂದುವರಿಸಿದರೆ ಎಲುಬಿನ ಬೆಳವಣಿಗೆಯೇ ಕುಂಠಿತವಾಗಬಹುದು. ಬೆನ್ನನ್ನು ಹಿಂದಕ್ಕೆ ಬಗ್ಗಿಸುವ ಅಭ್ಯಾಸ ಅತಿಯಾದರೆ ಸೊಂಟದ ಮೂಳೆಯಲ್ಲಿ ಸೂಕ್ಷ್ಮ ಬಿರುಕು ಕಾಣಿಸಿಕೊಳ್ಳುವುದೂ ಉಂಟಂತೆ. ಕೆಲವು ವಾರ ಕೈ ಊರುವ ಅಭ್ಯಾಸವೇ ಬೇಡ ಎಂದರು.

ಆ ರಾತ್ರಿ ತಂದೆ ಮಗನಿಗೆ ಸ್ವಲ್ಪ ಬಿಸಿಯಾದ ಮಾತುಕತೆ ನಡೆಯಿತು. ಮಗನ ವಾದವನ್ನು ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. “ಅಪ್ಪ, ಈ ಆಟಕ್ಕೆ ಚಿಕ್ಕಂದಿನಲ್ಲೇ ಮೈ ಬಗ್ಗಿಸಬೇಕು. ನಾಡಿಯಾ ಕೊಮನೆಚಿ 6 ವರ್ಷಕ್ಕೆ ಆರಂಭಿಸಿದವಳು, 14ಕ್ಕೆ ಒಲಿಂಪಿಕ್ಸ್ ಗೆದ್ದಳು. ಈಗ ಬಿಟ್ಟರೆ ಇಂಥ ಅವಕಾಶ ಮತ್ತೆ ಬಾರದು. ನಾವು ಊರಲ್ಲಿದ್ದಾಗ ನಮಗೆ ಯಾವ ಅವಕಾಶ ಇತ್ತು?” ಕೊನೆಯ ಮಾತು ನನ್ನನ್ನು ಚುಚ್ಚಿತು. ಅವನಿಗೆ ಓಟದಲ್ಲಿ ಆಸಕ್ತಿಯಿತ್ತು. ನಮ್ಮ ಶಾಲೆಯಲ್ಲಿ ಓಡಲು ಮೈದಾನ ಇರಲಿಲ್ಲ. ತನಗೆ ಸಿಗದ್ದು ಮಗಳಿಗೆ ಸಿಗಲಿ ಎಂಬ ಆಸೆ ತಪ್ಪಲ್ಲ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂದು ನಮ್ಮ ಹಿರಿಯರೂ ಹೇಳಿದ್ದಾರೆ. ಒಪ್ಪುತ್ತೇನೆ. ಆದರೆ ತೋಟ ಮಾಡಿದವರಿಗೆ ಇನ್ನೊಂದು ವಿಷಯವೂ ಗೊತ್ತು. ಅಡಿಕೆ ಸಸಿ ನೆಟ್ಟ ಮೇಲೆ ಅದರ ಪಕ್ಕದಲ್ಲಿ ಬಾಳೆ ನೆಡುತ್ತೇವೆ. ಏಕೆ? ಎಳೆಯ ಸಸಿಗೆ ನೇರ ಬಿಸಿಲು ತಾಗಬಾರದು ಎಂದು. ಸಸಿ ಚೆನ್ನಾಗಿ ಚಿಗುರುತ್ತಿದೆ, ಇನ್ನು ನೆರಳು ಬೇಡ ಎಂದು ಎರಡನೆಯ ವರ್ಷವೇ ಬಾಳೆ ಕಡಿದುಹಾಕುವ ಕೃಷಿಕನನ್ನು ನಾನು ಕಂಡಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ನಾವು ಈ ವಿವೇಕ ಮರೆಯುತ್ತೇವೆ. ಮಗು ಬೇಗ ಕಲಿಯಿತು ಎಂಬ ಕಾರಣಕ್ಕೇ ಅದರ ನೆರಳನ್ನು ಕಡಿಯುತ್ತೇವೆ.

ಕುಂಬಳೆಯ ಪಾರ್ತಿಸುಬ್ಬನ ನಾಡಿನವರಿಗೆ ಇದನ್ನು ಯಕ್ಷಗಾನದ ಮೂಲಕ ಹೇಳಿದರೆ ಸುಲಭ. ಹಿಂದಿನ ಮೇಳಗಳಲ್ಲಿ ಗೆಜ್ಜೆ ಕಟ್ಟಿದ ಹುಡುಗನನ್ನು ಮೊದಲು ಪೂರ್ವರಂಗದ ಕೋಡಂಗಿಯಾಗಿ ಕುಣಿಸುತ್ತಿದ್ದರು. ಅನಂತರ ಬಾಲಗೋಪಾಲ. ಆಮೇಲೆ ಸಣ್ಣ ಪುಟ್ಟ ವೇಷಗಳು. ಸಭೆ ತೂಕಡಿಸುವ ಹೊತ್ತಿನಲ್ಲಿ, ತಪ್ಪಿದರೆ ಯಾರೂ ನಗದ ಜಾಗದಲ್ಲಿ, ಹುಡುಗ ತಾಳ ಲಯ ಕಲಿತು ಕಾಲು ಗಟ್ಟಿ ಮಾಡಿಕೊಳ್ಳುತ್ತಿದ್ದ. ಅಭಿಮನ್ಯುವಿನ ವೇಷ ಕಟ್ಟಿ ರಂಗಸ್ಥಳ ತುಂಬ ಧಿಗಿಣ ಹಾರುವುದು ವರ್ಷಗಳ ನಂತರದ ಮಾತು. ಇಂದು ಆರು ತಿಂಗಳ ತರಗತಿಯಲ್ಲೇ ಮಗು ಎಷ್ಟು ಧಿಗಿಣ ಹಾರಿತು ಎಂದು ಎಣಿಸುವ ಹೆತ್ತವರನ್ನು ನಾವೇ ನೋಡುತ್ತಿದ್ದೇವೆ.

ಅಂಗಸಾಧನೆ ನಮಗೆ ಹೊರಗಿನದೂ ಅಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಅಂದರೆ 12ನೆಯ ಶತಮಾನದಲ್ಲೇ, ಮಲ್ಲರು ಕಂಬದ ಮೇಲೆ ಮಾಡುವ ಸಾಧನೆಯ ಪ್ರಸ್ತಾಪವಿದೆ. ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಮಕ್ಕಳು ಇಂದಿಗೂ ಮಲ್ಲಕಂಬದಲ್ಲಿ ಹೆಸರು ಗಳಿಸುತ್ತಿದ್ದಾರೆ. ಆದ್ದರಿಂದ ಮಕ್ಕಳು ಹಾರಬಾರದು, ಬಗ್ಗಬಾರದು ಎಂದು ವಾದಿಸುವುದು ನನ್ನ ಉದ್ದೇಶವಲ್ಲ.

ಇನ್ನು ನಾಡಿಯಾಳ ಮಾತು. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಆಕೆ 10ಕ್ಕೆ 10 ಅಂಕ ಪಡೆದಾಗ ಅಷ್ಟು ಅಂಕ ತೋರಿಸಲು ಅಂಕಫಲಕಕ್ಕೇ ಬಾರದೆ 1.00 ಎಂದು ತೋರಿಸಿದ ಕಥೆ ಪ್ರಸಿದ್ಧ. ಆದರೆ ಅನಂತರ ಏನಾಯಿತು? ಅಷ್ಟು ಎಳೆಯ ಮಕ್ಕಳು ಅಂಥ ವೇದಿಕೆಗೆ ಬರಬಾರದೆಂದು ಅಂತಾರಾಷ್ಟ್ರೀಯ ಒಕ್ಕೂಟ ಹುಡುಗಿಯರ ಕನಿಷ್ಠ ವಯಸ್ಸನ್ನು 1981ರಲ್ಲಿ 15ಕ್ಕೂ 1997ರಲ್ಲಿ 16ಕ್ಕೂ ಏರಿಸಿತು. ಅಂದರೆ 7 ವರ್ಷದ ಮಗುವಿಗೆ ಆ ವೇದಿಕೆ ಇನ್ನೂ 9 ವರ್ಷ ದೂರ. ಆತುರ ಯಾರದು?

ನಮ್ಮ ದೇಶದ ಉದಾಹರಣೆ ಇನ್ನೂ ಚೆನ್ನಾಗಿದೆ. ತ್ರಿಪುರಾದ ಅಗರ್ತಲಾದ ದೀಪಾ ಕರ್ಮಾಕರ್ ಕೂಡ 6 ವರ್ಷಕ್ಕೆ ಆರಂಭಿಸಿದವಳು. ಅಂಗಾಲು ಚಪ್ಪಟೆ, ಹಾರಿ ಇಳಿಯುವ ಆಟಕ್ಕೆ ಅದೊಂದು ದೊಡ್ಡ ಕೊರತೆ. ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಕಂಚು ಪಡೆದದ್ದು 2014ರಲ್ಲಿ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಅಪಾಯಕ್ಕೆ ಹೆಸರಾದ ಪ್ರೊಡುನೋವಾ ಲಾಗ ಹಾಕಿ, ಕೇವಲ 0.150 ಅಂಕದಿಂದ ಕಂಚು ತಪ್ಪಿ ನಾಲ್ಕನೆಯವಳಾದಾಗ ವಯಸ್ಸು 23. ಆರಂಭದಿಂದ ಅಲ್ಲಿಯವರೆಗೆ 17 ವರ್ಷ! ಆಮೇಲಿನ ದಾರಿಯೂ ಹೂವಿನದಾಗಿರಲಿಲ್ಲ. ಮೊಣಕಾಲಿನ ಶಸ್ತ್ರಚಿಕಿತ್ಸೆ, ನಿಷೇಧಿತ ಪದಾರ್ಥ ಪತ್ತೆಯಾಗಿ 21 ತಿಂಗಳ ಅಮಾನತು, ಎಲ್ಲವನ್ನೂ ದಾಟಿ 2024ರಲ್ಲಿ ತಾಷ್ಕೆಂಟಿನ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ ಚಿನ್ನ ಗೆದ್ದಳು. ಆಗ ಅವಳಿಗೆ 30. ಅದೇ ವರ್ಷ ಅಕ್ಟೋಬರಿನಲ್ಲಿ ನಿವೃತ್ತಿ ಘೋಷಿಸಿದಳು. ರಿಯೋದ ಅದೇ ಅಂತಿಮ ಸ್ಪರ್ಧೆಯಲ್ಲಿ ದೀಪಾಳ ಜತೆ ಉಜ್ಬೆಕಿಸ್ತಾನದ ಒಕ್ಸಾನಾ ಚುಸೊವಿಟಿನಾ ಎಂಬಾಕೆಯೂ ಹಾರಿದ್ದಳು. 41 ವರ್ಷದ ಆ ತಾಯಿ ಏಳನೆಯವಳಾದಳು. ನನ್ನ ಮಗನಿಗೆ ನಾಡಿಯಾ ಗೊತ್ತು, ಚುಸೊವಿಟಿನಾ ಗೊತ್ತಿರಲಿಲ್ಲ. ಬೇಗ ಗೆದ್ದವರ ಕಥೆ ಮಾತ್ರ ನಮ್ಮ ಮನೆಗಳನ್ನು ಮುಟ್ಟುತ್ತದೆ.

ಹಿಂದಿರುಗುವಾಗ ನಮ್ಮ ರೈಲು ತಲಶ್ಶೇರಿಯಲ್ಲಿ ನಿಂತಿತು. ಕಿಟಕಿಯಿಂದ ನೋಡುತ್ತಿದ್ದಂತೆ ಯೋಚನೆ ಇನ್ನಷ್ಟು ಬೆಳೆಯಿತು. ಭಾರತದ ಸರ್ಕಸ್ಸಿಗೆ ತೊಟ್ಟಿಲಾದ ಊರು ಅದು. ಬಾಸೆಲ್ ಮಿಷನ್ ಶಾಲೆಯಲ್ಲಿ ಅಂಗಸಾಧನೆ ಕಲಿಸುತ್ತಿದ್ದ ಕೀಲೇರಿ ಕುಞ್ಞಿಕಣ್ಣನ್ ಎಂಬವರು 1901ರಲ್ಲಿ ಅಲ್ಲಿನ ಚಿರಕ್ಕರದಲ್ಲಿ ಸರ್ಕಸ್ ಕಲಿಸುವ ಶಾಲೆ ತೆರೆದರು. ಅಲ್ಲಿಂದ ಹೊರಟ ಕಲಾವಿದರು ಜಗತ್ತನ್ನೇ ಸುತ್ತಿದರು. ಇಂದು ಅದೇ ಊರಿನಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿದ್ದು ಜಿಮ್ನಾಸ್ಟಿಕ್ಸ್ ಕಲಿಸುತ್ತಾರೆ. ಸರ್ಕಸ್ಸಿನ ಡೇರೆಯೊಳಗೆ ಬಡಮಕ್ಕಳನ್ನು ಹೇಗೆ ದುಡಿಸುತ್ತಿದ್ದರು ಎಂಬುದು ನ್ಯಾಯಾಲಯದ ಮೆಟ್ಟಿಲೇರಿ, 2011ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು ಮಕ್ಕಳನ್ನು ಸರ್ಕಸ್ಸಿನಲ್ಲಿ ದುಡಿಸುವುದನ್ನು ನಿಷೇಧಿಸಲು ಆದೇಶಿಸಿತು. 2016ರಲ್ಲಿ ಬಾಲಕಾರ್ಮಿಕ ಕಾನೂನಿಗೆ ತಿದ್ದುಪಡಿ ಬಂದಾಗ ಮನರಂಜನೆ, ಕ್ರೀಡೆಗಳಿಗೆ ವಿನಾಯಿತಿ ದೊರೆಯಿತು. ಸರ್ಕಸ್ಸಿಗೆ ಮಾತ್ರ ಇಲ್ಲ. ವಿನಾಯಿತಿ ಇದ್ದಲ್ಲಿಯೂ ಮಗುವಿನ ಶಾಲೆಗೆ ತೊಂದರೆಯಾಗಬಾರದೆಂಬ ಷರತ್ತು ಇದೆ.

ಹೊಟ್ಟೆಪಾಡಿಗಾಗಿ ಹಗ್ಗದ ಮೇಲೆ ನಡೆಯುವ ಮಗುವನ್ನು ಕಂಡು ನಾವು ಮರುಗಿದೆವು, ಕಾನೂನೂ ಬಂತು. ಪದಕಕ್ಕಾಗಿ 10 ಸೆಂಟಿಮೀಟರ್ ಅಗಲದ ತೊಲೆಯ ಮೇಲೆ, ನೆಲದಿಂದ 1.25 ಮೀಟರ್ ಎತ್ತರದಲ್ಲಿ, ಕೈ ನೋವಿನೊಂದಿಗೆ ಲಾಗ ಹಾಕುವ ಮಗುವಿನ ಕಾವಲು ಯಾರು? ಅಲ್ಲಿ ಹೆತ್ತವರೇ ಕಾನೂನು, ಹೆತ್ತವರೇ ಕಾವಲು.

ಮುಂದುವರಿದ ದೇಶಗಳಲ್ಲಿ ಎಲ್ಲ ಸರಿಯಿದೆ ಎಂಬ ಭ್ರಮೆಯೂ ಬೇಡ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ಹುಡುಗಿಯರ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ನಡೆಸಿದ್ದ. 2018ರ ಜನವರಿಯಲ್ಲಿ ಅವನಿಗೆ ಶಿಕ್ಷೆಯಾಗುವಾಗ 150ಕ್ಕೂ ಹೆಚ್ಚು ಮಂದಿ ನ್ಯಾಯಾಲಯದಲ್ಲಿ ತಮ್ಮ ನೋವು ಹೇಳಿಕೊಂಡರು. ಬ್ರಿಟನ್ನಿನಲ್ಲಿ 2022ರಲ್ಲಿ ಹೊರಬಂದ ವೈಟ್ ವರದಿ, ಗಾಯವಿದ್ದರೂ ಮಕ್ಕಳಿಂದ ಅಭ್ಯಾಸ ಮಾಡಿಸಿದ್ದನ್ನೂ ತೂಕದ ಹೆಸರಿನಲ್ಲಿ ಅವಮಾನಿಸಿದ್ದನ್ನೂ ಬಯಲಿಗೆಳೆಯಿತು. ಎರಡೂ ಕಡೆ ಅಷ್ಟು ಕಾಲ ಅದು ನಡೆದದ್ದು, ಮಾತಾಡಿದ ಮಕ್ಕಳ ಮಾತನ್ನು ದೊಡ್ಡವರು ಕಿವಿಗೆ ಹಾಕಿಕೊಳ್ಳದಿದ್ದುದರಿಂದ, ಉಳಿದ ಮಕ್ಕಳು ಮಾತಾಡಲೇ ಹೆದರಿದ್ದರಿಂದ.

‘ಸಾಕು’ ಎಂದರೆ ಆಟ ಮುಗಿಯಿತು ಎಂದಲ್ಲ. ಸಿಮೋನ್ ಬೈಲ್ಸ್ 2021ರಲ್ಲಿ ಟೋಕಿಯೋದಲ್ಲಿ, ಗಾಳಿಯಲ್ಲಿರುವಾಗ ತನ್ನ ಮೈಯ ದಿಕ್ಕು ತನಗೇ ತಿಳಿಯುತ್ತಿಲ್ಲ ಎಂದು ಸ್ಪರ್ಧೆಗಳಿಂದ ಹಿಂದೆ ಸರಿದಳು. ಎಷ್ಟೋ ಮಂದಿ ಜರೆದರು. ಅವಳೇ 2024ರಲ್ಲಿ ಪ್ಯಾರಿಸಿನಲ್ಲಿ, ತನ್ನ 27ನೆಯ ವಯಸ್ಸಿನಲ್ಲಿ, ಮೂರು ಚಿನ್ನ ಗೆದ್ದಳು.

ಇಲ್ಲಿ ನಮ್ಮಂಥ ಭಾಷಾ ಅಲ್ಪಸಂಖ್ಯಾತರ ಮನೆಗಳಿಗೆ ವಿಶೇಷವಾದ ಒಂದು ಮಾತಿದೆ. ನನ್ನ ಮೊಮ್ಮಗಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತಮಿಳು ಆಡುತ್ತಾಳೆ. ಕಾಸರಗೋಡಿನಲ್ಲಿದ್ದರೆ ಬೀದಿಯ ಭಾಷೆ ಮಲಯಾಳವಾಗುತ್ತಿತ್ತು. ಅದೆಲ್ಲ ಬರಲಿ, ಬೇಕು. ಆದರೆ ನೋವು ಹೊರಬಂದದ್ದು ಅಜ್ಜಿಯ ಮಡಿಲಲ್ಲಿ, ಅಜ್ಜಿಯ ಮಾತಿನಲ್ಲಿ. ಸಂಜೆ ಅಜ್ಜಿಗೆ ಫೋನ್ ಮಾಡಿ ಕಥೆ ಕೇಳುವುದು, ಕಾಗುಣಿತ ಬರೆಯುವುದು ಅವಳ ರೂಢಿಯಾಗಿತ್ತು. ಅಭ್ಯಾಸದ ಗಂಟೆ ಹೆಚ್ಚಿದಂತೆ ಮೊದಲು ತಪ್ಪಿಹೋದದ್ದೇ ಅದು. ಅದರಿಂದ ಮಗುವಿನ ಕನ್ನಡ ಹಿಂದುಳಿಯಿತೆಂದು ಮೊದಲು ನಾನು ಕೊರಗಿದ್ದೆ. ಈಗ ಯೋಚಿಸಿದರೆ, ಕಳೆದದ್ದು ಕಾಗುಣಿತ ಮಾತ್ರ ಅಲ್ಲ. ಅಂಕವಿಲ್ಲದ, ಆಯ್ಕೆಯಿಲ್ಲದ, ಹೆದರಬೇಕಿಲ್ಲದ ಮಾತಿಗೆ ಅವಳಿಗಿದ್ದ ಹೊತ್ತೇ ಕಳೆದುಹೋಗಿತ್ತು. ಮನೆಮಾತನ್ನು ಅಭಿಮಾನಕ್ಕಾಗಿ ಉಳಿಸಿಕೊಳ್ಳಬೇಕೆಂದು ನಾವು ಸಭೆಗಳಲ್ಲಿ ಹೇಳುತ್ತ ಬಂದಿದ್ದೇವೆ. ಮಗು ತನ್ನ ಕಷ್ಟ ಹೇಳಿಕೊಳ್ಳುವುದಕ್ಕಾದರೂ ಅದು ಬೇಕು ಎಂಬುದನ್ನು ಈ ಸಲ ಕಲಿತೆ.

ಹಾಗಾದರೆ ಮಾಡಬೇಕಾದದ್ದೇನು? ಇಂಥ ಆಯ್ಕೆಯ ಕಾಗದ ಕೈಗೆ ಬಂದಾಗ ಸಹಿ ಹಾಕುವ ಮೊದಲು ಕೆಲವನ್ನು ವಿಚಾರಿಸಲೇಬೇಕು. ಕ್ರೀಡಾವೈದ್ಯರು ಹೇಳುವ ಸುಲಭದ ಲೆಕ್ಕವೊಂದಿದೆ: ಮಗುವಿನ ವಯಸ್ಸು ಎಷ್ಟೋ, ವಾರದ ಅಭ್ಯಾಸದ ಗಂಟೆಗಳು ಅದನ್ನು ಮೀರದಿರುವುದು ಲೇಸು. ನಮ್ಮ ಮಗುವಿನ ವಯಸ್ಸು 7, ಅಭ್ಯಾಸ 18 ಗಂಟೆ! ವಾರದಲ್ಲಿ ಒಂದೆರಡು ದಿನ ಪೂರ್ತಿ ವಿಶ್ರಾಂತಿ ಇದೆಯೇ? ಅಭ್ಯಾಸದ ಹೊತ್ತಿನಲ್ಲಿ ಹೆತ್ತವರು ಕುಳಿತು ನೋಡಲು ಅಡ್ಡಿಯಿಲ್ಲವಷ್ಟೆ? ಅಡ್ಡಿಯಿದ್ದರೆ ಮುಂದಿನ ಪ್ರಶ್ನೆಯೇ ಬೇಡ, ಬೇರೆ ಕಡೆ ನೋಡಿ. ನೋವು ಎಂದ ಮಗುವನ್ನು ಕೂರಿಸುತ್ತಾರೆಯೇ, ಗದರಿಸುತ್ತಾರೆಯೇ? ಆರು ತಿಂಗಳು ಬಿಟ್ಟು ಮತ್ತೆ ಸೇರುವ ದಾರಿ ಉಂಟೇ? ಕೊನೆಯದಾಗಿ, ಶಿಕ್ಷಕರಿಲ್ಲದ, ತಂದೆಯ ಮುಖ ನೋಡಬೇಕಾಗದ ಜಾಗದಲ್ಲಿ ಮಗುವನ್ನೇ ಕೇಳಬೇಕು. ಒಂದು ಸಲ ಕೇಳಿದರೆ ಸಾಲದು, ಆಗಾಗ ಕೇಳುತ್ತಿರಬೇಕು. ದೌರ್ಜನ್ಯದ ಸಂಶಯ ಬಂದರೆ ಮಕ್ಕಳ ಸಹಾಯವಾಣಿ 1098 ಇದೆ. ಅದನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿರಬೇಕು.

ತರಬೇತುದಾರರನ್ನು ಮಾತ್ರ ದೂರಿ ಕೈ ತೊಳೆದುಕೊಳ್ಳುವುದೂ ಸಲ್ಲದು. ನಮ್ಮ ಶಾಲಾ ಕಲೋತ್ಸವಗಳನ್ನೇ ನೋಡಿ. ಮಗು ಕುಣಿದು ಇಳಿಯುವ ಮೊದಲೇ ಅಪೀಲಿನ ಅರ್ಜಿ ಹಿಡಿದು ನಿಲ್ಲುವವರು ಯಾರು? ಅಳುವ ಮಗುವಿನ ಮುಂದೆ ತೀರ್ಪುಗಾರರನ್ನು ಬಯ್ಯುವವರು ಯಾರು? ಮಗುವಿನ ಹೆಗಲಿನ ಮೇಲೆ ಕುಳಿತು ನಾವೇ ದೊಡ್ಡವರಾಗಲು ಹೊರಟಿದ್ದೇವೆ.

ನನ್ನ ಮಗ ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ತಾನೇ ಹೋಗಿ ತರಗತಿಯಲ್ಲಿ ಕುಳಿತು ನೋಡಿ ಬಂದನಂತೆ. ಕಾಗದಕ್ಕೆ ಸಹಿ ಹಾಕಲಿಲ್ಲ, ಹರಿದೂ ಹಾಕಲಿಲ್ಲ. ಮುಂದಿನ ವರ್ಷ ನೋಡೋಣ ಎಂದು ಶಿಕ್ಷಕರಿಗೆ ಹೇಳಿದ್ದಾನೆ, ಅವರೂ ಬೇಸರಿಸಲಿಲ್ಲವಂತೆ. ಕೈ ಗುಣವಾದ ಮೇಲೆ ವಾರಕ್ಕೆ ಮೂರೇ ದಿನ, ದಿನಕ್ಕೆ ಎರಡೇ ಗಂಟೆ. ಮುಂದೆ ಅವಳು ಸ್ಪರ್ಧೆಗೆ ಇಳಿಯಬಹುದು, ಇಳಿಯದಿರಬಹುದು. ಇಳಿದರೆ ಮೊದಲ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುವವನು ನಾನೇ.

ನಿನ್ನೆ ಸಂಜೆ ಅಜ್ಜಿಗೆ ಫೋನ್ ಬಂತು. ನಾನು ಪಕ್ಕದಲ್ಲೇ ಇದ್ದೆ. “ಅಜ್ಜೀ, ಇಂದು ಲಾಗ ಹಾಕಿದೆ. ಕೈ ಬೇನೆ ಆಯಿದಿಲ್ಲೆ.” ಅದರ ಮೇಲೆ ಅರ್ಧ ಗಂಟೆ ಕಥೆ ನಡೆಯಿತು.